ದೊಡ್ಡಾಟದ ವಿಡಿಯೋ ಎಕ್ಸ್‌ಪೋರ್ಟ್ ಆಗ್ತಾ ಇಲ್ಲ, 30 ಪರ್ಸೆಂಟ್‌ಗೆ ನಿಲ್ಲುತ್ತೆ

ಯಲಬುರ್ಗಾ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮೂರ ಹಬ್ಬಕ್ಕೆ ಈ ಸಲ ದೊಡ್ಡಾಟ ಆಡಿದರು. ಅಪ್ಪಾಜಿಯದು ದುರ್ಯೋಧನನ ಪಾತ್ರ. ಎರಡು ಫೋನ್ ಇಟ್ಟು ರಾತ್ರಿ ಪೂರ್ತಿ ಶೂಟ್ ಮಾಡಿದ್ದೇವೆ. ಒಂದು ಅಟ್ಟದ (ಆಟದ ವೇದಿಕೆಯ) ಎದುರಿಗೆ ಸ್ಟ್ಯಾಂಡ್ ಮೇಲೆ, ಇನ್ನೊಂದು ಮಗ್ಗುಲಲ್ಲಿ ಮಾವನ ಮಗನ ಕೈಯಲ್ಲಿ. ಧ್ವನಿ ಮಾತ್ರ ಮೈಕ್‌ಸೆಟ್‌ನವರ ಮಿಕ್ಸರ್‌ನಿಂದ ಬೇರೆಯಾಗಿ ತೆಗೆದುಕೊಂಡಿದ್ದೇನೆ.

ಶಾಟ್‌ಕಟ್ ಅನ್ನೋ ವಿಡಿಯೋ ಎಡಿಟರ್‌ನಲ್ಲಿ ಜೋಡಿಸಿದ ಮೇಲೆ ಒಟ್ಟು 3 ಗಂಟೆ 50 ನಿಮಿಷ ಆಗಿದೆ. ಎಡಿಟರ್ ಒಳಗೆ ಪ್ಲೇ ಮಾಡಿದರೆ ಚೆನ್ನಾಗೇ ಓಡುತ್ತೆ. ಎಲ್ಲ ಸೇರಿಸಿ ಒಂದೇ ಫೈಲ್ ಮಾಡೋಕೆ ಎಕ್ಸ್‌ಪೋರ್ಟ್ ಕೊಟ್ಟರೆ 30 ಪರ್ಸೆಂಟ್ ಹತ್ತಿರ ಹೋಗಿ ಫೇಲ್ ಅಂತ ಕೆಂಪು ಗುರುತು ಬರುತ್ತೆ. ಎಷ್ಟು ಸಲ ಕೊಟ್ಟರೂ ಅಷ್ಟೇ.

ಲ್ಯಾಪ್‌ಟಾಪ್ ಐ5, 8 ಜಿಬಿ ರ‍್ಯಾಮ್, ವಿಂಡೋಸ್ 10. ಸಿ ಡ್ರೈವ್‌ನಲ್ಲಿ ಜಾಗ ಕಡಿಮೆ, ಅದಕ್ಕೆ 32 ಜಿಬಿ ಪೆನ್‌ಡ್ರೈವ್‌ಗೆ ನೇರವಾಗಿ ಸೇವ್ ಕೊಡುತ್ತಿದ್ದೇನೆ. 1080, 30 ಫ್ರೇಮ್, ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಡೇಟಾ) 8 ಎಂಬಿಪಿಎಸ್, ಎಂಪಿ4. ಮೇಳದ ಹಿರಿಯರು ದಿನಾ ಮನೆ ಹತ್ತಿರ ಬಂದು "ಆಯ್ತೇನಪಾ?" ಅಂತ ಕೇಳುತ್ತಿದ್ದಾರೆ. ಯಾರಾದರೂ ದಾರಿ ತೋರಿಸಿ.

ರಾಯಚೂರು_ಬಿಸಿಲು

8 ಜಿಬಿ ರ‍್ಯಾಮ್‌ನಲ್ಲಿ ನಾಲ್ಕು ಗಂಟೆ ವಿಡಿಯೋ ಎಲ್ಲಿಂದ ಆಗುತ್ತೆ ತಮ್ಮಾ? ಹೊಸ ಕಂಪ್ಯೂಟರ್ ತಗೋ. ಇಲ್ಲಾಂದರೆ ಗ್ರಾಫಿಕ್ಸ್ ಕಾರ್ಡ್ ಇರೋದು ಯಾರದಾದರೂ ಕೇಳು.

ಕುರುಗೋಡು_ಮೇಷ್ಟ್ರು

ಅದೇ ಜಾಗದಲ್ಲಿ ನಿಲ್ಲುತ್ತೆ ಅಂದರೆ ಆ ಜಾಗದಲ್ಲಿರುವ ಕ್ಲಿಪ್ ಕೆಟ್ಟಿರಬೇಕು. 30 ಪರ್ಸೆಂಟ್ ಅಂದರೆ 1 ಗಂಟೆ 9 ನಿಮಿಷ. ಅಲ್ಲಿ ಏನಿದೆ ನೋಡಪ್ಪ. ನನ್ನ ಪಾಠದ ವಿಡಿಯೋದಲ್ಲೂ ಹೀಗೇ ಆಗಿತ್ತು, ಒಂದು ಪಿಎನ್‌ಜಿ ಚಿತ್ರ ತೆಗೆದ ತಕ್ಷಣ ಸರಿ ಹೋಯಿತು.

ಸಿಂಧನೂರು_ಸ್ಟುಡಿಯೋ

ತಮ್ಮಾ, ರ‍್ಯಾಮ್ ವಿಷಯ ಸದ್ಯ ಬಿಡು. ರ‍್ಯಾಮ್ ಸಾಲದೇ ಬಿದ್ದರೆ ಒಂದು ಸಲ 12ಕ್ಕೆ ಬೀಳುತ್ತೆ, ಇನ್ನೊಂದು ಸಲ 50ಕ್ಕೆ ಬೀಳುತ್ತೆ. ನಿನ್ನದು ಹಟ ಹಿಡಿದು ಒಂದೇ ಕಡೆ ನಿಲ್ಲುತ್ತಿದೆ.

ಮೇಷ್ಟ್ರು ಹೇಳಿದ ಹಾಗೆ ಕ್ಲಿಪ್ ಇರಬಹುದು. ಆದರೆ ಅದಕ್ಕೂ ಮೊದಲು ಒಂದು ನೋಡು. ಫೇಲ್ ಆದ ಮೇಲೆ ಪೆನ್‌ಡ್ರೈವ್‌ನಲ್ಲಿ ಅರ್ಧಂಬರ್ಧ ಫೈಲ್ ಒಂದು ಉಳಿದಿರುತ್ತೆ. ಅಳಿಸಬೇಡ. ಅದರ ಸೈಜ್ ಎಷ್ಟಿದೆ ಕೆಬಿಯಲ್ಲಿ ಹೇಳು.

ಯಲಬುರ್ಗಾ_ಹುಡುಗ

ಅಣ್ಣಾ, 41,94,304 ಕೆಬಿ ಇದೆ. ಮೇಷ್ಟ್ರೇ, 1 ಗಂಟೆ 9 ನಿಮಿಷದಲ್ಲಿ ಸಾರಥಿ ಹಾಸ್ಯ ಮಾಡುತ್ತಾ ನಿಂತಿದ್ದಾನೆ. ಎದುರಿನ ಫೋನಿನ ಕ್ಲಿಪ್. ಪ್ಲೇ ಮಾಡಿದೆ, ಏನೂ ತೊಂದರೆ ಕಾಣಲಿಲ್ಲ.

ಸಿಂಧನೂರು_ಸ್ಟುಡಿಯೋ

ಸಿಕ್ಕಿತು ನೋಡು. 41,94,304 ಕೆಬಿ ಅಂದರೆ ಸರಿಯಾಗಿ 4 ಜಿಬಿ. ನಿನ್ನ ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ. ಆ ಫಾರ್ಮ್ಯಾಟ್‌ನಲ್ಲಿ ಒಂದು ಫೈಲ್ 4 ಜಿಬಿಗಿಂತ ದೊಡ್ಡದಾಗೋ ಹಾಗಿಲ್ಲ. ಪೆನ್‌ಡ್ರೈವ್‌ನಲ್ಲಿ 28 ಜಿಬಿ ಖಾಲಿ ಇದ್ದರೂ ಅಷ್ಟೇ. 32 ಜಿಬಿವರೆಗಿನ ಪೆನ್‌ಡ್ರೈವ್‌ಗಳು ಅಂಗಡಿಯಿಂದ ಬರುವಾಗ ಸಾಮಾನ್ಯವಾಗಿ ಫ್ಯಾಟ್32 ಆಗೇ ಬರುತ್ತವೆ. 64 ಜಿಬಿ ಮತ್ತು ಮೇಲಿನವು ಹೆಚ್ಚಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ, ಅದರಲ್ಲಿ ಈ 4 ಜಿಬಿ ಮಿತಿ ಇಲ್ಲ.

ಲೆಕ್ಕ ಹಾಕಿ ನೋಡು. 3 ಗಂಟೆ 50 ನಿಮಿಷ ಅಂದರೆ 13,800 ಸೆಕೆಂಡ್. ಸೆಕೆಂಡಿಗೆ 8 ಮೆಗಾಬಿಟ್ ಅಂದರೆ 1 ಮೆಗಾಬೈಟ್. ಚಿತ್ರಕ್ಕೇ 13.8 ಜಿಬಿ ಆಯ್ತು. ಧ್ವನಿ 384 ಕೆಬಿಪಿಎಸ್ ಇದ್ದರೆ ಅದರದ್ದು ಇನ್ನೊಂದು ಅರ್ಧ ಜಿಬಿ ಮೇಲೆ. ಒಟ್ಟು 14.5 ಹತ್ತಿರ. ಅದರಲ್ಲಿ 4 ಜಿಬಿ ತುಂಬುವ ಹೊತ್ತಿಗೆ ಎಷ್ಟು ಪರ್ಸೆಂಟ್ ಆಗಿರುತ್ತೆ? ನಿನ್ನ 30.

ಖಾತ್ರಿ ಮಾಡಿಕೊಳ್ಳಬೇಕಾ? ಬಿಟ್‌ರೇಟ್ ಅರ್ಧ ಮಾಡಿ, 4ಕ್ಕೆ ಇಳಿಸಿ, ಅದೇ ಪೆನ್‌ಡ್ರೈವ್‌ಗೆ ಮತ್ತೆ ಕೊಡು. ನಿಲ್ಲುವ ಜಾಗ ಮುಂದಕ್ಕೆ ಸರಿದರೆ ಫೈಲ್ ಸೈಜಿನ ತೊಂದರೆ. ಬಿಟ್‌ರೇಟ್ ಏನೇ ಕೊಟ್ಟರೂ ಅಲ್ಲೇ ನಿಂತರೆ ಕ್ಲಿಪ್ಪಿನ ತೊಂದರೆ.

ಕುರುಗೋಡು_ಮೇಷ್ಟ್ರು

ಒಳ್ಳೇ ಉಪಾಯ ಸರ್. ಬಿಟ್‌ರೇಟ್ ಬದಲಿಸಿ ನೋಡೋದು ನನಗೆ ಹೊಳೆದಿರಲಿಲ್ಲ.

ಕೌಲ್‌ಬಜಾರ್_ರಿಪೇರಿ

ಸ್ಟುಡಿಯೋ ಅಣ್ಣ ಹೇಳಿದ್ದು ಸರಿ. ಅದರ ಜೊತೆ ನನ್ನದೊಂದು ಮಾತು. ಪೆನ್‌ಡ್ರೈವ್‌ಗೆ ನೇರವಾಗಿ ಎಕ್ಸ್‌ಪೋರ್ಟ್ ಕೊಡಲೇಬೇಡಿ. ಅದರ ಬರೆಯುವ ವೇಗ ಕಡಿಮೆ, ಗಂಟೆಗಟ್ಟಲೆ ಬರೆದರೆ ಕೈ ಸುಡುವಷ್ಟು ಬಿಸಿಯಾಗುತ್ತೆ, ಚುಚ್ಚಿದ ಜಾಗದಲ್ಲಿ ಸ್ವಲ್ಪ ಅಲುಗಿದರೂ ಕೆಲಸ ಕೆಡುತ್ತೆ. ಒಳಗಿನ ಡಿಸ್ಕ್‌ನಲ್ಲಿ ಜಾಗ ಮಾಡಿಕೊಂಡು ಅಲ್ಲಿಗೆ ತೆಗೆಯಿರಿ, ಆಮೇಲೆ ಕಾಪಿ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ನಮ್ಮ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳಲ್ಲಿ ಅರ್ಧ ಡಿಸ್ಕ್ ಅಲ್ಲೇ ತುಂಬಿರುತ್ತೆ.

ಯಲಬುರ್ಗಾ_ಹುಡುಗ

ಅಣ್ಣಾವ್ರೇ, 4 ಎಂಬಿಪಿಎಸ್ ಇಟ್ಟು ಕೊಟ್ಟೆ. ಜಾಗ ಸರಿಯಿತು! ಆದರೆ 43 ಪರ್ಸೆಂಟ್‌ಗೆ ಹೋಗಿ ಮತ್ತೆ ನಿಂತಿತು. ಈಗ ಫೈಲ್ 3.06 ಜಿಬಿ ಅಷ್ಟೇ ಇದೆ. 4 ತಲುಪೇ ಇಲ್ಲ. ಇದೇನು?

ರಾಯಚೂರು_ಬಿಸಿಲು

ನಾನು ಹೇಳಲಿಲ್ವಾ.

ಸಿಂಧನೂರು_ಸ್ಟುಡಿಯೋ

ಬಿಸಿಲು ಸಾಹೇಬ್ರೇ, ಸ್ವಲ್ಪ ತಡೀರಿ.

ತಮ್ಮಾ, ಇಲ್ಲಿ ಎರಡು ತೊಂದರೆ ಒಂದರ ಹಿಂದೆ ಒಂದು ಕೂತಿವೆ. ಮೊದಲನೆಯದು ಅಡ್ಡ ಇದ್ದಿದ್ದರಿಂದ ಎರಡನೆಯದು ಕಾಣುತ್ತಿರಲಿಲ್ಲ. 4 ಎಂಬಿಪಿಎಸ್‌ನಲ್ಲಿ 4 ಜಿಬಿ ತುಂಬಬೇಕಾದರೆ ಅರ್ಧಕ್ಕಿಂತ ಮುಂದೆ ಹೋಗಬೇಕಿತ್ತು. ಅದಕ್ಕೆ ಮೊದಲೇ ಇನ್ನೇನೋ ಎಡವಿದೆ. 43 ಪರ್ಸೆಂಟ್ ಅಂದರೆ 1 ಗಂಟೆ 40 ನಿಮಿಷದ ಸುತ್ತಮುತ್ತ. ಈಗ ಮೇಷ್ಟ್ರ ಮಾತು ಹಿಡಿ. ಅಲ್ಲಿ ಯಾವ ಕ್ಲಿಪ್ ಇದೆ ನೋಡು. ಬಲಗಡೆ ಜಾಬ್ಸ್ ಅಂತ ಒಂದು ಪ್ಯಾನೆಲ್ ಇದೆ ಅಲ್ವಾ, ಫೇಲ್ ಆದ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ವ್ಯೂ ಲಾಗ್ ಅಂತ ಬರುತ್ತೆ. ಕೊನೆಯ ಹತ್ತು ಸಾಲು ಓದು. ಯಾವುದಾದರೂ ಫೈಲಿನ ಹೆಸರು ಬಂದಿದ್ದರೆ ಅದೇ ಕಳ್ಳ.

ಈ ಸಲ ಪೆನ್‌ಡ್ರೈವ್ ಬೇಡ, ರಿಪೇರಿ ಅಣ್ಣ ಹೇಳಿದ ಹಾಗೆ ಒಳಗಿನ ಡಿಸ್ಕ್‌ಗೆ ಕೊಡು. ಬಿಟ್‌ರೇಟ್ ವಾಪಸ್ 8 ಮಾಡು. ಆಗಲೂ 43ಕ್ಕೇ ನಿಂತರೆ ಕ್ಲಿಪ್ ಅಂತ ಕಣ್ಣು ಮುಚ್ಚಿ ಹೇಳಬಹುದು.

ಇನ್ನೊಂದು. ಎಕ್ಸ್‌ಪೋರ್ಟ್ ಪ್ಯಾನೆಲ್ ಕೆಳಗೆ ಯೂಸ್ ಹಾರ್ಡ್‌ವೇರ್ ಎನ್‌ಕೋಡರ್ ಅಂತ ಟಿಕ್ ಇದ್ದರೆ ಸದ್ಯಕ್ಕೆ ತೆಗೆ. ಗ್ರಾಫಿಕ್ಸ್ ಡ್ರೈವರ್ ಹಳೆಯದಿದ್ದರೆ ಅದೂ ಕೈ ಕೊಡುತ್ತೆ, ಆದರೆ ಅದು ಕೈ ಕೊಡೋದು ಸಾಮಾನ್ಯವಾಗಿ ಸೊನ್ನೆ ಪರ್ಸೆಂಟ್‌ನಲ್ಲೇ. ತೆಗೆದರೆ ನಿಧಾನ ಆಗುತ್ತೆ, ಆಗಲಿ ಬಿಡು.

ಗಂಗಾವತಿ_ಅಕ್ಕ

ಮಧ್ಯೆ ಬಾಯಿ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನನ್ನದು ಕೊಟ್ಟ ಮರುಕ್ಷಣವೇ ಫೇಲ್ ಆಗುತ್ತೆ. ಒಂದು ಪರ್ಸೆಂಟೂ ಹೋಗಲ್ಲ. ಮಗಳ ಭರತನಾಟ್ಯದ್ದು, ಬರೀ ಎಂಟು ನಿಮಿಷ. ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಸೇವ್ ಕೊಡುತ್ತಿದ್ದೇನೆ. ಹಾರ್ಡ್‌ವೇರ್ ಟಿಕ್ ತೆಗೆದೆ, ಆದರೂ ಹಾಗೇ.

ಕೌಲ್‌ಬಜಾರ್_ರಿಪೇರಿ

ಅಕ್ಕಾ, ಶುರುವಾಗೋ ಮುಂಚೆಯೇ ಬಿತ್ತು ಅಂದರೆ ಬರೆಯೋಕೆ ಜಾಗಕ್ಕೆ ಅನುಮತಿ ಇಲ್ಲ ಅಂತ ಅರ್ಥ, ಹತ್ತಕ್ಕೆ ಏಳು ಸಲ. ವಿಂಡೋಸ್ ಸೆಕ್ಯುರಿಟಿಯಲ್ಲಿ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ಅಂತ ಇದೆ. ಅದರೊಳಗೆ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಆನ್ ಆಗಿದ್ದರೆ ಡಾಕ್ಯುಮೆಂಟ್ಸ್, ವಿಡಿಯೋಸ್ ಫೋಲ್ಡರ್‌ಗೆ ಪರಿಚಯ ಇಲ್ಲದ ಸಾಫ್ಟ್‌ವೇರ್ ಏನನ್ನೂ ಬರೆಯೋಕೆ ಬಿಡಲ್ಲ. ಆಫ್ ಮಾಡೋದು ಬೇಡ. ಅಲ್ಲೇ ಅಲೋ ಆನ್ ಆ್ಯಪ್ ಅಂತ ಇದೆ, ನಿಮ್ಮ ಎಡಿಟರ್ ಸೇರಿಸಿ. ಅಥವಾ ಡಿ ಡ್ರೈವ್‌ನಲ್ಲಿ ಸುಮ್ನೆ ಒಂದು ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಕೊಟ್ಟು ನೋಡಿ. ಫೋಲ್ಡರ್ ಹೆಸರು, ಫೈಲ್ ಹೆಸರು ಸದ್ಯಕ್ಕೆ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಕೆಲವು ಹಳೆಯ ಸಾಫ್ಟ್‌ವೇರ್‌ಗಳಿಗೆ ಕನ್ನಡ ಹೆಸರು ಕಂಡರೆ ಆಗಲ್ಲ.

ಗಂಗಾವತಿ_ಅಕ್ಕ

ಡಿ ಡ್ರೈವ್‌ಗೆ ಕೊಟ್ಟೆ, ಆಯ್ತು! ಆದರೆ ಬಣ್ಣ ಎಲ್ಲ ಬೆಳ್ಳಗೆ ಬಂದಿದೆ. ಫೋನಿನಲ್ಲಿ ರೇಷ್ಮೆ ಸೀರೆ ಎಷ್ಟು ಚೆಂದ ಕಾಣುತ್ತಿತ್ತು. ಇಲ್ಲಿ ಬಟ್ಟೆ ಒಗೆದು ಒಗೆದು ಬಣ್ಣ ಬಿಟ್ಟ ಹಾಗಿದೆ. ಐಫೋನ್ 13 ನನ್ನದು.

ಸಿಂಧನೂರು_ಸ್ಟುಡಿಯೋ

ಅಕ್ಕಾ, ಅದು ಎಚ್‌ಡಿಆರ್ ಮಹಿಮೆ. ಐಫೋನ್ 12ರಿಂದ ಈಚೆಗೆ ಎಚ್‌ಡಿಆರ್‌ನಲ್ಲೇ ಶೂಟ್ ಆಗುತ್ತೆ. ಅದರ ಬೆಳಕಿನ ಲೆಕ್ಕ ಬೇರೆ, ಸಾಮಾನ್ಯ ಟಿವಿಯ ಲೆಕ್ಕ ಬೇರೆ. ಎಡಿಟರ್ ಒಂದನ್ನು ಇನ್ನೊಂದಕ್ಕೆ ಬದಲಿಸದೇ ಹಾಗೇ ಬರೆದುಬಿಟ್ಟರೆ ಬಣ್ಣ ಪೇಲವ ಆಗುತ್ತೆ.

ಮುಂದಿನ ಸಲಕ್ಕೆ: ಸೆಟ್ಟಿಂಗ್ಸ್, ಕ್ಯಾಮೆರಾ, ರೆಕಾರ್ಡ್ ವಿಡಿಯೋ, ಅಲ್ಲಿ ಎಚ್‌ಡಿಆರ್ ವಿಡಿಯೋ ಆಫ್ ಮಾಡಿ. ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಇಟ್ಟರೆ ಎಚ್.264 ಅನ್ನೋ ವಿಡಿಯೋ ಕುಗ್ಗಿಸುವ ರೀತಿಯಲ್ಲಿ ಬರುತ್ತೆ, ಹಳೆಯ ಕಂಪ್ಯೂಟರ್‌ಗೂ ಹಗುರ.

ಈಗಾಗಲೇ ತೆಗೆದದ್ದಕ್ಕೆ: ಹ್ಯಾಂಡ್‌ಬ್ರೇಕ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಫಿಲ್ಟರ್ಸ್‌ನಲ್ಲಿ ಕಲರ್‌ಸ್ಪೇಸ್ ಅನ್ನೋದನ್ನು ಬಿಟಿ.709 (ಸಾಮಾನ್ಯ ಟಿವಿಯ ಬಣ್ಣದ ಲೆಕ್ಕ) ಮಾಡಿ ಒಂದು ನಿಮಿಷದ ತುಣುಕಿಗೆ ಮೊದಲು ಪ್ರಯತ್ನಿಸಿ. ಬಣ್ಣ ಒಪ್ಪಿಗೆಯಾದರೆ ಪೂರ್ತಿ ಮಾಡಿ, ಆ ಹೊಸ ಫೈಲನ್ನೇ ಎಡಿಟರ್‌ಗೆ ಹಾಕಿ.

ಯಲಬುರ್ಗಾ_ಹುಡುಗ

ಬಂದೆ. ಸಿ ಡ್ರೈವ್ ಖಾಲಿ ಮಾಡಿ (ರಿಪೇರಿ ಅಣ್ಣಾ, ನೀವು ಹೇಳಿದ್ದು ಡೌನ್‌ಲೋಡ್ಸ್ ಫೋಲ್ಡರ್‌ನ ವಿಷಯದಲ್ಲಿ ಅಕ್ಷರಶಃ ನಿಜ) ಅಲ್ಲಿಗೆ 8 ಎಂಬಿಪಿಎಸ್‌ನಲ್ಲಿ ಕೊಟ್ಟೆ. 43ಕ್ಕೇ ನಿಂತಿತು. ಲಾಗ್‌ನಲ್ಲಿ ಮಗ್ಗುಲ ಫೋನಿನ ಒಂದು ಫೈಲಿನ ಹೆಸರು ಬಂದಿದೆ. ಹೋಗಿ ನೋಡಿದರೆ ಅಪ್ಪಾಜಿಯ ಪ್ರವೇಶ. ಪರದೆ ಸರಿಸಿ ಕುಣಿಯುತ್ತಾ ಮುಂದೆ ಬರುವಾಗ ಅರ್ಧ ಸೆಕೆಂಡು ಚಿತ್ರ ಹಸಿರು ಬಣ್ಣಕ್ಕೆ ತಿರುಗಿ ಚೌಕ ಚೌಕ ಆಗುತ್ತೆ. ಫೋನಿನಲ್ಲಿ ನೋಡಿದರೂ ಅಲ್ಲಿ ಒಂದು ಸಣ್ಣ ಜರ್ಕ್ ಇದೆ. ವಿಎಲ್‌ಸಿಯಲ್ಲಿ ಮಾತ್ರ ಗೊತ್ತೇ ಆಗದ ಹಾಗೆ ದಾಟಿ ಹೋಗುತ್ತೆ.

ಸಿಂಧನೂರು_ಸ್ಟುಡಿಯೋ

ಮೆಮೊರಿ ಕಾರ್ಡ್ ಬರೆಯುವಾಗ ಎಡವಿದೆ. ವಿಎಲ್‌ಸಿ ಕೆಟ್ಟ ಭಾಗ ಹಾರಿಸಿಕೊಂಡು ಹೋಗುತ್ತೆ, ಅದಕ್ಕೇ "ಪ್ಲೇ ಆಗುತ್ತೆ" ಅನ್ನೋದನ್ನು ನಂಬಬಾರದು. ಎಕ್ಸ್‌ಪೋರ್ಟ್ ಆಗುವಾಗ ಪ್ರತಿ ಫ್ರೇಮ್ ಬಿಚ್ಚಲೇಬೇಕು.

ಮಾಡಬೇಕಾದ್ದು ಹೀಗೆ. ಆ ಒಂದು ಕ್ಲಿಪ್ ಅನ್ನು ಹ್ಯಾಂಡ್‌ಬ್ರೇಕ್‌ಗೆ ಹಾಕು. ವಿಡಿಯೋ ಟ್ಯಾಬ್‌ನಲ್ಲಿ ಕ್ವಾಲಿಟಿ ಆರ್‌ಎಫ್ 18 ಇಡು (ಈ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಜಾಸ್ತಿ). ಫ್ರೇಮ್‌ರೇಟ್ 30 ಮಾಡಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಆರಿಸು. ಅದು ಕೆಟ್ಟ ಫ್ರೇಮ್‌ಗಳನ್ನು ಸಾಮಾನ್ಯವಾಗಿ ಬಿಟ್ಟು ಮುಂದೆ ಹೋಗುತ್ತೆ. ಹೊಸ ಫೈಲ್ ಹಳೆಯದರ ಜಾಗಕ್ಕೆ ಕೂರಿಸು. ಹಸಿರಾದ ಅರ್ಧ ಸೆಕೆಂಡಿನ ಮೇಲೆ ಎದುರಿನ ಫೋನಿನ ದೃಶ್ಯ ಮುಚ್ಚು. ಒಂದು ಸೆಕೆಂಡ್ ಮುಂಚೆಯೇ ಕಟ್ ಮಾಡಿ ಎರಡು ಸೆಕೆಂಡ್ ಇಟ್ಟು ವಾಪಸ್ ಮಗ್ಗುಲಿಗೆ ಬಾ. ಬೇಕಂತಲೇ ಆ್ಯಂಗಲ್ ಬದಲಿಸಿದ ಹಾಗೆ ಕಾಣುತ್ತೆ. ಮದುವೆ ವಿಡಿಯೋದಲ್ಲಿ ತಾಳಿ ಕಟ್ಟುವ ಹೊತ್ತಿಗೇ ಯಾರೋ ಅಡ್ಡ ಬಂದಿರುತ್ತಾರೆ, ನಮ್ಮ ಅರ್ಧ ಜೀವನ ಇದರಲ್ಲೇ ಕಳೆಯುತ್ತೆ.

ಪೂರ್ತಿ ನಾಲ್ಕು ಗಂಟೆ ಮತ್ತೆ ಕೊಟ್ಟು ಕಾಯಬೇಡ. ಟೈಮ್‌ಲೈನ್‌ನಲ್ಲಿ ಆ ಜಾಗದ ಹಿಂದೆ ಮುಂದೆ ಐದು ನಿಮಿಷಕ್ಕೆ ಮಾರ್ಕರ್ ಹಾಕು. ಎಕ್ಸ್‌ಪೋರ್ಟ್‌ನಲ್ಲಿ ಫ್ರಮ್ ಅನ್ನೋ ಕಡೆ ಆ ಮಾರ್ಕರ್ ಆರಿಸಿದರೆ ಅಷ್ಟೇ ಭಾಗ ಬರುತ್ತೆ. ಅದು ದಾಟಿದರೆ ಆಮೇಲೆ ಪೂರ್ತಿ ಕೊಡು. ಆ ಕಾರ್ಡ್ ಮಾತ್ರ ಮತ್ತೆ ಯಾವ ಕಾರ್ಯಕ್ರಮಕ್ಕೂ ಹಾಕಬೇಡ.

ರಾಯಚೂರು_ಬಿಸಿಲು

ಸರಿ ಸರಿ, ರ‍್ಯಾಮ್ ಅಲ್ಲ ಒಪ್ಪಿದೆ. ಆದರೆ ನನ್ನದು ನಿಜವಾಗಲೂ ದಿನಕ್ಕೊಂದು ಕಡೆ ನಿಲ್ಲುತ್ತೆ. ಬೆಳಿಗ್ಗೆ ಕೊಟ್ಟರೆ ಮುಗಿಯುತ್ತೆ, ಮಧ್ಯಾಹ್ನ ಕೊಟ್ಟರೆ ಲ್ಯಾಪ್‌ಟಾಪ್ ತಾನೇ ಆಫ್ ಆಗುತ್ತೆ. ನಮ್ಮ ಊರಲ್ಲಿ ಇರೋದು ಎರಡೇ ಕಾಲ ಅಂತ ನಿಮಗೆಲ್ಲ ಗೊತ್ತು, ಬಿಸಿಲುಗಾಲ, ಕಡುಬಿಸಿಲುಗಾಲ. ಇದಕ್ಕೂ ಏನಾದರೂ ಕ್ಲಿಪ್ ಕಾರಣ ಅಂತೀರಾ?

ಕೌಲ್‌ಬಜಾರ್_ರಿಪೇರಿ

ನಿಮ್ಮದು ಶುದ್ಧ ಬಿಸಿ ಸರ್. ಹೆಸರಿನಲ್ಲೇ ಇದೆ.

ಪ್ರೊಸೆಸರ್ 100 ಡಿಗ್ರಿ ಹತ್ತಿರ ಬಂದರೆ ತಾನೇ ವೇಗ ಇಳಿಸಿಕೊಳ್ಳುತ್ತೆ. ಆಗಲೂ ತಣಿಯದಿದ್ದರೆ ಆಫ್. ಬೇರೆ ಯಾವ ಕೆಲಸದಲ್ಲೂ ಹೀಗಾಗಲ್ಲ, ಯಾಕಂದರೆ ಎಕ್ಸ್‌ಪೋರ್ಟ್‌ನಷ್ಟು ಹೊತ್ತು ಎಲ್ಲ ಕೋರ್‌ಗಳನ್ನೂ ದುಡಿಸುವ ಕೆಲಸ ಮನೆಯಲ್ಲಿ ಇನ್ನೊಂದಿಲ್ಲ. ಕೋಣೆಯೇ 40 ಡಿಗ್ರಿ ಇದ್ದರೆ ಫ್ಯಾನ್ ಬಿಸಿ ಗಾಳಿಯನ್ನೇ ಒಳಗೆ ಎಳೆಯುತ್ತೆ.

ನಮ್ಮ ಕಡೆ ಇನ್ನೊಂದು ಕಾಟ ಧೂಳು. ಸಂಡೂರು ಕಡೆಯಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನ್‌ಗೂ ಹೀಟ್‌ಸಿಂಕ್‌ಗೂ ಮಧ್ಯೆ ಅದಿರಿನ ಕೆಂಪು ಧೂಳು ಹತ್ತಿಯ ಜೊತೆ ಸೇರಿ ಪದರ ಕಟ್ಟಿರುತ್ತೆ. ಚಿಮಟದಲ್ಲಿ ಹಿಡಿದರೆ ಒಂದೇ ತುಂಡಾಗಿ ಎದ್ದು ಬರುತ್ತೆ. ಅದನ್ನು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಬಿಸಿ ಗಮನಾರ್ಹವಾಗಿ ಇಳಿಯುತ್ತೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಈ ಪದರ ಹೋಗಲ್ಲ, ಇನ್ನೂ ಒಳಗೆ ಒತ್ತಿಕೊಳ್ಳುತ್ತೆ.

ಅಲ್ಲಿವರೆಗೆ ಹಾಸಿಗೆ ಮೇಲೆ ಇಡಬೇಡಿ, ಕೆಳಗೆ ನಾಲ್ಕು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸಿ, ರಾತ್ರಿ ಎಕ್ಸ್‌ಪೋರ್ಟ್ ಹಾಕಿ ಮಲಗಿ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರುತ್ತೆ, ಅದನ್ನು 85ಕ್ಕೆ ಇಳಿಸಿ. ಸ್ವಲ್ಪ ತಡ ಆದರೂ ಆಫ್ ಆಗೋದು ನಿಲ್ಲುತ್ತೆ. ಸ್ಲೀಪ್ ಅನ್ನೋದನ್ನು ನೆವರ್ ಮಾಡೋದು ಮರೆಯಬೇಡಿ. ಎಷ್ಟೋ ಜನ ಬಿಸಿ ಅಂತ ತಂದು ಕೊಡುತ್ತಾರೆ, ನೋಡಿದರೆ ಅದು ಮಧ್ಯರಾತ್ರಿ ನಿದ್ದೆಗೆ ಹೋಗಿರುತ್ತೆ ಅಷ್ಟೇ.

ಯಲಬುರ್ಗಾ_ಹುಡುಗ

ಎಕ್ಸ್‌ಪೋರ್ಟ್ ಪೂರ್ತಿ ಆಯ್ತು!! 100 ಪರ್ಸೆಂಟ್. ಸಿಂಧನೂರು ಅಣ್ಣಾ, ಮೇಷ್ಟ್ರೇ, ರಿಪೇರಿ ಅಣ್ಣಾ, ಎಲ್ಲರಿಗೂ ದೊಡ್ಡ ನಮಸ್ಕಾರ.

ಆದರೆ ನೋಡುತ್ತಾ ಕೂತರೆ ಇನ್ನೆರಡು ಕಂಡವು. ಒಂದು, ಧ್ವನಿ ಮತ್ತು ತುಟಿ ಹೊಂದುತ್ತಿಲ್ಲ. ಶುರುವಿನಲ್ಲಿ ಸರಿ ಇದೆ, ಹೋಗ್ತಾ ಹೋಗ್ತಾ ತಪ್ಪುತ್ತೆ. ಎರಡು, ಅಪ್ಪಾಜಿಯ ಕಿರೀಟ, ಭುಜಕೀರ್ತಿ ಎಲ್ಲ ಕನ್ನಡಿ ಚೂರು. ಕುಣಿಯುವಾಗ ಆ ಜಾಗ ಪೂರ್ತಿ ಮಸುಕಾಗಿ ಚೌಕ ಚೌಕ ಆಗುತ್ತೆ. ಹಿಂದಿನ ಕತ್ತಲೆಯಲ್ಲೂ ಪಟ್ಟೆ ಪಟ್ಟೆ.

ಸಿಂಧನೂರು_ಸ್ಟುಡಿಯೋ

ಧ್ವನಿ ಮೊದಲು. ಒಂದು ಪ್ರಶ್ನೆ. ವ್ಯತ್ಯಾಸ ಸಮನಾಗಿ ಬೆಳೆಯುತ್ತಾ, ಇಲ್ಲ ಕೆಲವು ಕಡೆ ಸರಿ ಇದ್ದು ಕೆಲವು ಕಡೆ ಧಿಡೀರನೆ ಜಿಗಿಯುತ್ತಾ? ತಾಳದ ಏಟು ನೋಡಿಕೊಂಡು ಹೇಳು. ತುಟಿ ನೋಡಿದರೆ ಗೊತ್ತಾಗಲ್ಲ, ತಾಳ ಕೂಡುವ ಕ್ಷಣ ಮೋಸ ಮಾಡಲ್ಲ.

ಯಲಬುರ್ಗಾ_ಹುಡುಗ

ನೋಡಿದೆ ಅಣ್ಣಾ. ಮಗ್ಗುಲ ಫೋನಿನ ಆ ಒಂದು ಕ್ಲಿಪ್, ಹ್ಯಾಂಡ್‌ಬ್ರೇಕ್ ಮಾಡಿದ್ದು, ಪೂರ್ತಿ ಸರಿ ಇದೆ. ಉಳಿದವುಗಳಲ್ಲಿ ಜಿಗಿಯುತ್ತೆ. ಅಟ್ಟದ ಫೋಕಸ್ ಲೈಟ್ ಪೂರ್ತಿ ಇದ್ದಾಗ ಸರಿ, ಲೈಟ್ ಕಡಿಮೆ ಮಾಡಿದ ದೃಶ್ಯ ಬಂದ ಮೇಲೆ ತಪ್ಪುತ್ತೆ.

ಸಿಂಧನೂರು_ಸ್ಟುಡಿಯೋ

ಭಲೇ, ಉತ್ತರ ನೀನೇ ಹೇಳಿಬಿಟ್ಟೆ.

ಬಹಳ ಫೋನ್‌ಗಳು ಬೆಳಕು ಕಡಿಮೆ ಆದಾಗ ಸೆಕೆಂಡಿಗೆ 30 ಫ್ರೇಮ್ ತೆಗೆಯಲ್ಲ. ಪ್ರತಿ ಫ್ರೇಮ್‌ಗೆ ಜಾಸ್ತಿ ಹೊತ್ತು ಬೆಳಕು ಹಿಡಿಯಬೇಕು ಅಂತ 24ಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತವೆ. ಬೆಳಕು ಬಂದರೆ ಮತ್ತೆ 30. ಇದಕ್ಕೆ ವೇರಿಯಬಲ್ ಫ್ರೇಮ್‌ರೇಟ್ ಅನ್ನುತ್ತಾರೆ. ಎಡಿಟರ್ ಮಾತ್ರ ಎಲ್ಲ ಒಂದೇ ಸಮ ಅಂದುಕೊಂಡು ಎಣಿಸಿದರೆ ಚಿತ್ರ ಜಾರುತ್ತೆ. ಧ್ವನಿ ಎಲ್ಲಿತ್ತೋ ಅಲ್ಲೇ ಇರುತ್ತೆ. ಬಯಲಾಟದಂಥ ರಾತ್ರಿ ಕಾರ್ಯಕ್ರಮದಲ್ಲಿ ಇದು ಹಗಲಿನ ಮದುವೆಗಿಂತ ಜಾಸ್ತಿ ಕಾಡೋದು ಇದಕ್ಕೇ.

ಆ ಒಂದು ಕ್ಲಿಪ್ ಯಾಕೆ ಸರಿ ಇದೆ? ಕಾನ್‌ಸ್ಟಂಟ್ ಮಾಡಿಸಿದ್ದೆ ನೋಡು. ಉಳಿದ ಎಲ್ಲವನ್ನೂ ಹಾಗೇ ಮಾಡು. ಹ್ಯಾಂಡ್‌ಬ್ರೇಕ್‌ನಲ್ಲಿ ಎಲ್ಲ ಫೈಲ್ ಕ್ಯೂಗೆ ಹಾಕಿ ರಾತ್ರಿ ಬಿಡು. ಶಾಟ್‌ಕಟ್ ಒಳಗೂ ಪ್ರಾಪರ್ಟೀಸ್‌ನಲ್ಲಿ ಕನ್ವರ್ಟ್ ಟು ಎಡಿಟ್ ಫ್ರೆಂಡ್ಲಿ ಅಂತ ಇದೆ, ಅದೂ ಇದೇ ಕೆಲಸ ಮಾಡುತ್ತೆ. ಆದರೆ ಆ ಫೈಲ್‌ಗಳು ಬಹಳ ದೊಡ್ಡವಾಗುತ್ತವೆ, ನಿನ್ನ ಡಿಸ್ಕ್‌ಗೆ ತಡೆಯಲ್ಲ.

ಇದಾದ ಮೇಲೂ ಕೊನೆಯ ಹೊತ್ತಿಗೆ ಸ್ವಲ್ಪ ವ್ಯತ್ಯಾಸ ಉಳಿಯಬಹುದು. ಮಿಕ್ಸರ್ ರೆಕಾರ್ಡಿಂಗ್‌ನ ಗಡಿಯಾರ ಬೇರೆ, ಫೋನಿನ ಗಡಿಯಾರ ಬೇರೆ. ಅದು ಮಾತ್ರ ಜಿಗಿಯಲ್ಲ, ಸಮನಾಗಿ ಬೆಳೆಯುತ್ತೆ. ಅದಕ್ಕೆ ದೊಡ್ಡ ಔಷಧಿ ಬೇಡ. ಒಂದು ಪದ್ಯ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಮದ್ದಳೆ ನಿಂತಿರುತ್ತಲ್ಲ, ಅಲ್ಲಿ ಧ್ವನಿ ಕಟ್ ಮಾಡಿ ಎರಡು ಮೂರು ಫ್ರೇಮ್ ಸರಿಸಿ ಕೂರಿಸು. ಯಾರಿಗೂ ಗೊತ್ತಾಗಲ್ಲ.

ಕುರುಗೋಡು_ಮೇಷ್ಟ್ರು

29.97 ಮತ್ತು 30ರ ಗೊಂದಲದಿಂದಲೂ ಹೀಗಾಗುತ್ತಲ್ವಾ ಸರ್?

ಸಿಂಧನೂರು_ಸ್ಟುಡಿಯೋ

ಆಗುತ್ತೆ ಮೇಷ್ಟ್ರೇ. ಒಂದನ್ನು ಇನ್ನೊಂದು ಅಂತ ತಿಳಿದುಕೊಂಡರೆ ಗಂಟೆಗೆ 3.6 ಸೆಕೆಂಡು ತಪ್ಪುತ್ತೆ. ಆದರೆ ಅದೂ ಸಮನಾಗೇ ಬೆಳೆಯುತ್ತೆ. ಈ ಹುಡುಗನದು ಲೈಟ್ ನೋಡಿಕೊಂಡು ಜಿಗಿಯುತ್ತಿತ್ತು, ಅದಕ್ಕೇ ಅನುಮಾನ ಬರಲಿಲ್ಲ.

ಈಗ ಕಿರೀಟದ ಕಥೆ. ಬಿಟ್‌ರೇಟ್ 8ಕ್ಕೆ ಕಟ್ಟಿಹಾಕಿದರೆ ಸಾರಥಿ ಸುಮ್ಮನೆ ನಿಂತು ಮಾತಾಡುವಾಗಲೂ 8, ದುರ್ಯೋಧನ ಗಿರಗಿರ ತಿರುಗುವಾಗಲೂ 8. ನಿಂತವನಿಗೆ ಅಷ್ಟು ಬೇಡ, ಕುಣಿಯುವವನಿಗೆ ಸಾಲಲ್ಲ. ಅದರಲ್ಲೂ ಕನ್ನಡಿ ಚೂರು ಪ್ರತಿ ಫ್ರೇಮ್‌ನಲ್ಲೂ ಬೇರೆ ಥರ ಮಿನುಗುತ್ತೆ. ಎನ್‌ಕೋಡರ್ ಕೆಲಸ ಮಾಡೋದೇ ಹಿಂದಿನ ಫ್ರೇಮ್‌ನಿಂದ ಸಾಲ ತಗೊಂಡು. ಇಲ್ಲಿ ಸಾಲ ಹುಟ್ಟಲ್ಲ.

ಎಕ್ಸ್‌ಪೋರ್ಟ್, ಅಡ್ವಾನ್ಸ್‌ಡ್, ಕೋಡೆಕ್ ಟ್ಯಾಬ್‌ನಲ್ಲಿ ರೇಟ್ ಕಂಟ್ರೋಲ್ ಅನ್ನೋದನ್ನು ಕ್ವಾಲಿಟಿ ಬೇಸ್ಡ್ ವಿಬಿಆರ್ ಮಾಡು. ಅಲ್ಲಿ 55 ಅಂತ ಇರುತ್ತೆ, ಅದು ಎಕ್ಸ್264 ಅನ್ನೋ ಎನ್‌ಕೋಡರ್‌ನ ಲೆಕ್ಕದಲ್ಲಿ ಸಿಆರ್‌ಎಫ್ 23, ಹ್ಯಾಂಡ್‌ಬ್ರೇಕ್‌ನ ಆರ್‌ಎಫ್ ಇದ್ದ ಹಾಗೇ. ನೀನು 65 ಇಡು, ಸುಮಾರು 18 ಆಗುತ್ತೆ. ಬೇಕಾದ ಕಡೆ ಜಾಸ್ತಿ ಖರ್ಚು ಮಾಡುತ್ತೆ, ಬೇಡದ ಕಡೆ ಉಳಿಸುತ್ತೆ. ಫೈಲ್ ಎಷ್ಟು ದೊಡ್ಡದಾಗುತ್ತೆ ಅಂತ ಮೊದಲೇ ಹೇಳೋಕೆ ಆಗಲ್ಲ, ಅದೊಂದು ತಾಪತ್ರಯ. ಕತ್ತಲೆಯ ಪಟ್ಟೆಗಳೂ ಇದರಿಂದ ಕಡಿಮೆ ಆಗುತ್ತವೆ, ಪೂರ್ತಿ ಹೋಗಲ್ಲ. ಫೋನ್ ಹಿಡಿದದ್ದೇ ಅಷ್ಟು.

ರಾಯಚೂರು_ಬಿಸಿಲು

ಎಚ್.265ನಲ್ಲಿ ಕೊಟ್ಟರೆ ಅರ್ಧ ಸೈಜಿಗೆ ಬರುತ್ತಲ್ಲ, ಅದನ್ನೇ ಹೇಳಿ ಅವನಿಗೆ.

ಸಿಂಧನೂರು_ಸ್ಟುಡಿಯೋ

ಬರುತ್ತೆ, ಹತ್ತಿರ ಹತ್ತಿರ ಅರ್ಧಕ್ಕೆ. ಆದರೆ ನೋಡುವವರು ಯಾರು? ಊರ ಸಮುದಾಯ ಭವನದ ಟಿವಿ ಹಳೆಯದಿದ್ದರೆ ಎಚ್.265 ತೆರೆಯೋದೇ ಇಲ್ಲ. ಎಂಪಿ4 ಒಳಗೆ 8 ಬಿಟ್ ಎಚ್.264, ಧ್ವನಿ ಎಎಸಿ, ಇಷ್ಟಿದ್ದರೆ ಬಹುತೇಕ ಎಲ್ಲ ಟಿವಿಯಲ್ಲೂ ಓಡುತ್ತೆ. ಈ ಲ್ಯಾಪ್‌ಟಾಪ್‌ನಲ್ಲಿ ಎಚ್.265 ಮಾಡೋಕೆ ಹೋದರೆ ಮುಂದಿನ ಹಬ್ಬಕ್ಕೆ ಮುಗಿಯಬಹುದು.

ಯಲಬುರ್ಗಾ_ಹುಡುಗ

ಟಿವಿ ಹಳೆಯದೇ ಅಣ್ಣಾ, ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ಹಾಕಿದರೆ ಗುರುತೇ ಹಿಡಿಯಲಿಲ್ಲ. ಮತ್ತೆ ಫ್ಯಾಟ್32ಗೇ ಬರಬೇಕು. ಆದರೆ ಫೈಲ್ ದೊಡ್ಡದು. ಏನು ಮಾಡೋದು?

ಕೌಲ್‌ಬಜಾರ್_ರಿಪೇರಿ

ಮೊದಲು ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಮಾಡಿ ನೋಡು, ಕೆಲವು ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೂ ಇದನ್ನು ಓದುತ್ತವೆ. ಅದೂ ಆಗದಿದ್ದರೆ ಲಾಸ್‌ಲೆಸ್‌ಕಟ್ ಅಂತ ಇದೆ, ಉಚಿತ. ಎಕ್ಸ್‌ಪೋರ್ಟ್ ಆದ ಫೈಲನ್ನು ಅದರಲ್ಲಿ ತೆರೆದು ಪ್ರಸಂಗದ ನಡುವೆ ಪರದೆ ಬೀಳುವ ಕಡೆಗಳಲ್ಲಿ ಕತ್ತರಿಸು. ಮತ್ತೆ ಎನ್‌ಕೋಡ್ ಮಾಡಲ್ಲ, ಹಾಗಾಗಿ ಗುಣಮಟ್ಟ ಇಳಿಯಲ್ಲ, ನಿಮಿಷಗಳಲ್ಲಿ ಮುಗಿಯುತ್ತೆ. ಒಂದೊಂದು ಭಾಗ 4 ಜಿಬಿ ಒಳಗಿರಲಿ. ಹೆಸರಿಗೆ 01, 02 ಅಂತ ಕೊಡು, ಟಿವಿ ಸಾಲಾಗಿ ಓಡಿಸುತ್ತೆ.

ಕುರುಗೋಡು_ಮೇಷ್ಟ್ರು

ಪಾತ್ರಧಾರಿಗಳ ಹೆಸರು ಕನ್ನಡದಲ್ಲಿ ಹಾಕಿದ್ದೀಯಾ ತಮ್ಮಾ? ನನಗೆ ಅಲ್ಲೇ ತಲೆನೋವು. ನಾನು ಬಳಸುವ ಪ್ರೀಮಿಯರ್‌ನಲ್ಲಿ "ಕೃಷ್ಣ" ಅಂತ ಹೊಡೆದರೆ ಒತ್ತು ಬಿಟ್ಟು ಷ ಬೇರೆ, ಣ ಬೇರೆ ನಿಲ್ಲುತ್ತೆ.

ಯಲಬುರ್ಗಾ_ಹುಡುಗ

ಹಾಕಿದ್ದೇನೆ ಮೇಷ್ಟ್ರೇ. ಶಾಟ್‌ಕಟ್‌ನಲ್ಲಿ ಟೆಕ್ಸ್ಟ್ ಸಿಂಪಲ್ ಫಿಲ್ಟರ್ ಹಾಕಿ ಯೂನಿಕೋಡ್ ಕನ್ನಡ ಅಂಟಿಸಿದೆ, ಒತ್ತಕ್ಷರ ಸರಿಯಾಗೇ ಬಂತು.

ಸಿಂಧನೂರು_ಸ್ಟುಡಿಯೋ

ಮೇಷ್ಟ್ರೇ, ಪ್ರೀಮಿಯರ್‌ನ ಪ್ರಿಫರೆನ್ಸಸ್, ಗ್ರಾಫಿಕ್ಸ್ ಒಳಗೆ ಟೆಕ್ಸ್ಟ್ ಎಂಜಿನ್ ಅಂತ ಇದೆ. ಅದನ್ನು ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್ ಮಾಡಿ, ಹೊಸದಾಗಿ ಟೈಟಲ್ ಹೊಡೆಯಿರಿ. ನಾವು ಸ್ಟುಡಿಯೋದವರು ಬಹಳ ವರ್ಷ ನುಡಿಯ ಹಳೆಯ ಆಸ್ಕಿ ಫಾಂಟ್ ಹಾಕಿಕೊಂಡೇ ಕಾಲ ತಳ್ಳಿದ್ದು. ಯಾವ ಎಡಿಟರ್‌ನಲ್ಲೂ ಆಗದಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ ತಂದು ಅಂಟಿಸಿ. ಚಿತ್ರ ಆದ ಮೇಲೆ ಒತ್ತಕ್ಷರ ಎಲ್ಲಿಗೂ ಓಡಿ ಹೋಗಲ್ಲ.

ಲಿಂಗಸುಗೂರು_ಮಾವ

ತಡವಾಗಿ ಬಂದೆ. ಪೂರ್ತಿ ಓದಿದೆ, ಬಹಳ ತಿಳಿಯಿತು. ನನ್ನದು ಬೇರೆ. ಡೆಸ್ಕ್‌ಟಾಪ್‌ನಲ್ಲಿ ಎಕ್ಸ್‌ಪೋರ್ಟ್ ಆಗುವಾಗ ಕರೆಂಟ್ ಹೋಯಿತು. 90 ಪರ್ಸೆಂಟ್ ಆಗಿತ್ತು. ಫೈಲ್ 6 ಜಿಬಿ ಇದೆ, ಆದರೆ ಯಾವುದರಲ್ಲೂ ತೆರೆಯಲ್ಲ. ಅಷ್ಟು ಭಾಗವಾದರೂ ಸಿಗಬೇಕಲ್ವಾ?

ಇನ್ನೊಂದು, ಮೊಮ್ಮಗಳ ತೊಟ್ಟಿಲು ಕಾರ್ಯಕ್ರಮ ಶೂಟ್ ಮಾಡುವಾಗ ಫೋನಿನ ಬ್ಯಾಟರಿ ಸತ್ತು ಹೋಯಿತು. ಆ ಫೈಲೂ ಹೀಗೇ.

ಸಿಂಧನೂರು_ಸ್ಟುಡಿಯೋ

ಮಾವಾರೇ, ಎಂಪಿ4 ಫೈಲ್‌ನಲ್ಲಿ ಯಾವ ಫ್ರೇಮ್ ಎಲ್ಲಿದೆ ಅನ್ನುವ ಪಟ್ಟಿ ಸಾಮಾನ್ಯವಾಗಿ ಕೊನೆಗೆ ಬರೆಯೋದು. ಅದಕ್ಕೆ ಮುಂಚೆ ಕರೆಂಟ್ ಹೋದರೆ ಒಳಗೆ ಎಲ್ಲ ಇದ್ದರೂ ಪ್ಲೇಯರ್‌ಗೆ ಕಣ್ಣು ಕಟ್ಟಿದಂತೆ. ಎಕ್ಸ್‌ಪೋರ್ಟ್ ಫೈಲಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಮೂಲ ಇದೆ, ಮತ್ತೆ ಕೊಡಿ. ಕರೆಂಟಿನ ಭಯ ಇದ್ದರೆ ಎಂಪಿ4 ಬದಲು ಎಂಕೆವಿ ಕೊಡಿ. ಅದು ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನದು ಸಾಮಾನ್ಯವಾಗಿ ತೆರೆಯುತ್ತೆ. ಮುಗಿದ ಮೇಲೆ ಲಾಸ್‌ಲೆಸ್‌ಕಟ್‌ನಲ್ಲೇ ಎಂಪಿ4 ಮಾಡಿಕೊಳ್ಳಬಹುದು.

ತೊಟ್ಟಿಲಿನ ವಿಡಿಯೋ ಮುಖ್ಯ. ಆ ಫೋನಿನಲ್ಲಿ ಆಮೇಲೆ ಇನ್ನೇನೂ ಶೂಟ್ ಮಾಡಬೇಡಿ, ಫೈಲನ್ನು ಮೊದಲು ಕಂಪ್ಯೂಟರ್‌ಗೆ ಕಾಪಿ ಮಾಡಿ. ಅನ್‌ಟ್ರಂಕ್ ಅಂತ ಒಂದು ಉಚಿತ ಸಾಧನ ಇದೆ. ಅದಕ್ಕೆ ಎರಡು ಫೈಲ್ ಬೇಕು, ಕೆಟ್ಟಿರೋದು ಒಂದು, ಅದೇ ಫೋನಿನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಸರಿಯಿರೋದು ಒಂದು. ಸರಿಯಿರೋದರ ಅಚ್ಚು ನೋಡಿಕೊಂಡು ಕೆಟ್ಟದ್ದರ ಪಟ್ಟಿಯನ್ನು ಹೊಸದಾಗಿ ಕಟ್ಟುತ್ತೆ.

ಲಿಂಗಸುಗೂರು_ಮಾವ

ಅದೇ ದಿನ ಬೆಳಿಗ್ಗೆ ಅದೇ ಫೋನಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೋ ಇದೆ. ನಡೆಯುತ್ತಾ?

ಸಿಂಧನೂರು_ಸ್ಟುಡಿಯೋ

ಎರಡೂ 1080, ಎರಡೂ 30 ಫ್ರೇಮ್ ಇದ್ದರೆ ನಡೆಯುತ್ತೆ. ಒಂದು ಅಡ್ಡ, ಒಂದು ಉದ್ದ ಹಿಡಿದಿದ್ದರೂ ತೊಂದರೆ ಇಲ್ಲ, ಆಮೇಲೆ ತಿರುಗಿಸಿಕೊಳ್ಳಬಹುದು. ನಿಮ್ಮ ಹತ್ತಿರ ಆಗದಿದ್ದರೆ ಎರಡೂ ಫೈಲ್ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸೋದಾದರೆ ಡಾಕ್ಯುಮೆಂಟ್ ಅಂತಲೇ ಕಳಿಸಿ, 2 ಜಿಬಿವರೆಗೆ ಹೋಗುತ್ತೆ. ವಿಡಿಯೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತೆ, ಕುಗ್ಗಿಸಿದ ಫೈಲ್ ಅಚ್ಚಿಗೆ ಬರಲ್ಲ.